ಮಳೆಗಾಲದಲ್ಲಿ ಪುಸ್ತಕ ಹಿಡಿದು ಎಲ್ಲಿ ಕೂರೋದು? (ಹಂಚಿನ ಮನೆ, ತೀರ್ಥಹಳ್ಳಿ ಕಡೆ)

ಸೋಗೆಮನೆ:
ತೀರ್ಥಹಳ್ಳಿ–ಆಗುಂಬೆ ನಡುವೆ ಹಳೇ ಹಂಚಿನ ಮನೆ. ಜಗಲಿ ಪಶ್ಚಿಮಕ್ಕಿದೆ, ಒಳಗೆ ನಡುಮನೆ, ಹಿಂದೆ ಪೂರ್ವಕ್ಕೆ ಅಡುಗೆಮನೆ. ಆರಿದ್ರಾ ಮಳೆ ಹಿಡಿದರೆ ಮಧ್ಯಾಹ್ನ 3 ಗಂಟೆಗೇ ನಡುಮನೆ ಕತ್ತಲು. ಜಗಲಿಯಲ್ಲಿ ಕೂತರೆ ಎರಚಲು, ಒಳಗೆ ಕೂತರೆ ದೀಪ ಬೇಕು, ದೀಪಕ್ಕೆ ಕರೆಂಟ್ ಇರಬೇಕಲ್ಲ! ಮನೇಲಿ ಓದೋಕೆ ಒಂದು ಜಾಗ ಹೇಗೆ ಮಾಡ್ಕೊಳ್ಳೋದು? ಮಳೆ ಬಿಟ್ಟ ದಿನ ಶಿವಮೊಗ್ಗ ಸುತ್ತಮುತ್ತ ಎರಡು ಗಂಟೆ ಕೂರೋ ಜಾಗ ಇದ್ದರೂ ಹೇಳಿ. ಹೋಟ್ಲು, ಕಾಫಿ ಅಂಗಡಿ ಬೇಡ.

ಜಗಲಿಕಟ್ಟೆ:
ಮುಂಗಾರಿನ ಗಾಳಿ ಬರೋದೇ ಪಶ್ಚಿಮ, ನೈಋತ್ಯದಿಂದ. ಹಾಗಾಗಿ ನಿಮ್ಮ ಜಗಲಿ ಪುನರ್ವಸು, ಪುಷ್ಯ ಮಳೆ ಮುಗಿಯೋ ತನಕ ಹಾಗೇ ಬಿಟ್ಟರೆ ಓದೋಕೆ ಆಗಲ್ಲ. ಅಡುಗೆಮನೆ ಪಕ್ಕ ಪೂರ್ವದ ಕಿಟಕಿ ಇದ್ದರೆ ಅದೇ ಮೊದಲ ಆಯ್ಕೆ. ಒಲೆಯ ಬಿಸಿಗೆ ಆ ಕೋಣೆಯ ಥಂಡಿ ಉಳಿದ ಮನೆಗಿಂತ ಕಡಿಮೆ. ಕಿಟಕಿಗೆ ಎದುರಾಗಿ ಕೂರಬೇಡಿ, ಬೆಳಕು ಕಣ್ಣಿಗೆ ಹೊಡೆದು ಪುಟ ಕಪ್ಪಾಗಿ ಕಾಣುತ್ತೆ. ಕಿಟಕಿ ಭುಜದ ಪಕ್ಕಕ್ಕೆ ಬರೋ ಹಾಗೆ ಕುರ್ಚಿ ಹಾಕಿ.

ಕಿಟಕಿ ಚಿಕ್ಕದಿದ್ದರೆ ಗಾಜಿನ ಹಂಚು. ಮಂಗಳೂರು ಹಂಚಿನ ಅಳತೆಯಲ್ಲೇ ಸಿಗುತ್ತೆ, ಹಳೇದು ತೆಗೆದು ಅದೇ ಜಾಗಕ್ಕೆ ಕೂರಿಸಿದರಾಯ್ತು. ಒಂದು ಸಾಲದು, ಅಕ್ಕಪಕ್ಕ ಎರಡು ಹಾಕಿ, ಪೂರ್ವದ ಇಳಿಜಾರಿನಲ್ಲಿ. ನೇರ ತಲೆ ಮೇಲೆ ಬಂದರೆ ನಿಮ್ಮ ತಲೆಯ ನೆರಳೇ ಪುಟದ ಮೇಲೆ ಬೀಳುತ್ತೆ, ಅದಕ್ಕೆ ಒಂದೆರಡು ಅಡಿ ಮುಂದಕ್ಕಿರಲಿ. ಮುಚ್ಚಿಗೆ ಅಥವಾ ಅಟ್ಟ ಇರುವ ಕೋಣೆಯಲ್ಲಿ ಇದು ದಂಡ. ಮೇ ತಿಂಗಳಲ್ಲಿ ಒಮ್ಮೆ ಏಣಿ ಹಾಕಿ ಪಾಚಿ ಉಜ್ಜಿಸಿ. ಉಜ್ಜದಿದ್ದರೆ ಜುಲೈಗೆ ಅದು ಗಾಜೋ ಮಣ್ಣೋ ಗೊತ್ತಾಗಲ್ಲ. ಮಂಗಗಳು ಪಕ್ಕದ ಹಂಚು ಸರಿಸಿದರೆ ಸೋರೋದೂ ಅಲ್ಲೇ, ಆದ್ದರಿಂದ ಪುಸ್ತಕದ ಕಪಾಟು ಅದರ ಕೆಳಗೆ ಬೇಡ.

ದೀಪಕ್ಕೆ 7 ಅಥವಾ 9 ವಾಟಿನ ಎಲ್‌ಇಡಿ ಧಾರಾಳ. ಮಾಡಿಗೆ ನೇತು ಹಾಕಬೇಡಿ, ಪುಟದಿಂದ ಎರಡು ಅಡಿ ಮೇಲೆ, ಭುಜದ ಹಿಂದಿನಿಂದ ಬೀಳಲಿ. ಕರೆಂಟ್ ಹೋದಾಗ ಚಾರ್ಜಿನ ಲ್ಯಾಂಪ್. ತಲೆಗೆ ಕಟ್ಟೋ ಟಾರ್ಚ್ ಮಾತ್ರ ಬೇಡ ಮಾರಾಯ್ರೆ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲೆಲ್ಲ ಸೀದಾ ಮುಖಕ್ಕೇ ಬರುತ್ತೆ. ಆ ಸಂಜೆ ದೂರದಲ್ಲಿ ಇನ್ನೊಂದು ದೀಪ ಹಚ್ಚಿ, ಅದರಡಿ ಅಗಲ ತಟ್ಟೆಯಲ್ಲಿ ನೀರಿಡಿ. ಅರ್ಧ ಗಂಟೆಯಲ್ಲಿ ಗಲಾಟೆ ಮುಗಿಯುತ್ತೆ.

ನೆಲದ ಮೇಲೆ ಕೂರೋರಾದರೆ ಕಂಬಳಿ ಮಡಚಿ ಹಾಕ್ಕೊಳ್ಳಿ. ಗಾರೆ ನೆಲ ಬೆವರುತ್ತೆ. ಚಾಪೆ ಎತ್ತದೆ ಬಿಟ್ಟರೆ ನಾಲ್ಕೇ ದಿನಕ್ಕೆ ಅಡಿಗೆ ಬೂಷ್ಟು. ಬಟ್ಟೆಯ ಆರಾಮ ಕುರ್ಚಿಯ ಗತಿಯೂ ಅಷ್ಟೇ. ಬೆತ್ತದ್ದು ಒಳ್ಳೇದು.

ಹೊಳೆದಂಡೆ:
ಹೊರಗಿನ ಜಾಗ ನಾನು ಹೇಳ್ತೀನಿ.

ಕೂಡಲಿ: ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ತುಂಗೆ ಭದ್ರೆ ಸೇರೋ ಕಡೆ ಕಲ್ಲಿನ ಮೆಟ್ಟಿಲು. ಬೆಳಿಗ್ಗೆ 7ರಿಂದ 9 ಸರಿ, ಆಮೇಲೆ ಕಲ್ಲು ಕಾಯುತ್ತೆ. ಹುಣ್ಣಿಮೆ, ಅಮಾವಾಸ್ಯೆ, ಸೋಮವಾರ ಬೇಡ, ಸ್ನಾನಕ್ಕೆ ಬರೋ ಜನ ಜಾಸ್ತಿ. ಮಳೆಗಾಲದಲ್ಲಿ ತುಂಗೆಯ ಗಾಜನೂರು ಅಣೆಕಟ್ಟು ಬೇಗ ತುಂಬಿ ಗೇಟ್ ತೆಗೀತಾರೆ, ನೀರು ಮೆಟ್ಟಿಲೇರುತ್ತೆ. ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂತ ಸುದ್ದಿ ಬಂದ ದಿನ ಆ ಕಡೆ ತಲೆನೇ ಹಾಕಬೇಡಿ.

ಕವಿಶೈಲ ನಿಮಗೆ ಹತ್ತಿರ. ಬಂಡೆ ಬಯಲಲ್ಲಿದೆ, ನೆರಳಿಲ್ಲ. ಬೇಸಿಗೆಯಲ್ಲಿ ಸಂಜೆ 4ರ ನಂತರವೇ. ಮಳೆಗಾಲದಲ್ಲಿ ಪಾಚಿಗೆ ಜಾರುತ್ತೆ, ಗಾಳಿಗೆ ಕೊಡೆ ನಿಲ್ಲಲ್ಲ. ನನ್ನ ಪ್ರಕಾರ ಅಲ್ಲಿಗೆ ನವೆಂಬರ್‌ನಿಂದ ಫೆಬ್ರವರಿ. ಕುವೆಂಪು ಸಮಾಧಿ ಇರೋ ಜಾಗ, ತಿಂಡಿ ಪೊಟ್ಟಣ ಬಿಚ್ಚಬೇಡಿ.

ಮಂಡಗದ್ದೆ ಪಕ್ಷಿಧಾಮ ಓದೋಕಲ್ಲ, ನೋಡೋಕೆ. ಗೂಡು ಕಟ್ಟೋ ಕಾಲದಲ್ಲಿ ಸದ್ದು ಒಂದು ಕಡೆ, ಹಿಕ್ಕೆ ವಾಸನೆ ಇನ್ನೊಂದು ಕಡೆ.

ಯಾರೂ ಲೆಕ್ಕಕ್ಕೆ ತಗೊಳ್ಳದ ಜಾಗ ಒಂದಿದೆ: ಶಿವಮೊಗ್ಗ–ತಾಳಗುಪ್ಪ ರೈಲು. ಕುಂಸಿ, ಅರಸಾಳು, ಆನಂದಪುರ, ಸಾಗರ, ಸುಮಾರು ಎರಡು ಗಂಟೆ. ಮಳೆ ಬಂದರೂ ಸೋರದ ಮಾಡು, ದೊಡ್ಡ ಕಿಟಕಿ! ಸಂಜೆ ತಾಳಗುಪ್ಪದ ಕಡೆ ಹೋಗೋವಾಗ ಎಡಗಡೆ ಬಿಸಿಲು, ಬಲಗಡೆ ಕೂರಿ. ಮಧ್ಯಾಹ್ನ ವಾಪಸ್ ಬರೋವಾಗ ಎಡಗಡೆ. ಸಣ್ಣ ಅಕ್ಷರದ ಪುಸ್ತಕ ಬೇಡ, ಅಲುಗಾಟಕ್ಕೆ ಸಾಲು ತಪ್ಪುತ್ತೆ.

ತೋಟ, ಕಾಡಂಚು ಅಂದ್ರೆ ಉಂಬಳ (ಜಿಗಣೆ) ನೆನಪಿರಲಿ. ಪಾದ, ಮೀನಖಂಡಕ್ಕೆ ಹೊಗೆಸೊಪ್ಪು ನೆನೆಸಿದ ಎಣ್ಣೆ ಸವರಿ. ಹತ್ತಿದ್ದನ್ನ ಎಳೀಬೇಡಿ, ಉಪ್ಪು ಮುಟ್ಟಿಸಿ. ಬಿಟ್ಟ ಮೇಲೂ ರಕ್ತ ಸ್ವಲ್ಪ ಹೊತ್ತು ಬರುತ್ತೆ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಮಾಡಿರುತ್ತೆ, ಹೆದರಬೇಡಿ.

ಬೂಷ್ಟುವೈರಿ:
ಕೂರೋ ಜಾಗದ ಬಗ್ಗೆ ಇಷ್ಟು ಮಾತಾಯ್ತು, ಪುಸ್ತಕದ ಗತಿ? ಜಗಲಿಯಲ್ಲಿ ಓದಿ, ಆದರೆ ಅಲ್ಲೇ ಬಿಟ್ಟು ಬರಬೇಡಿ. ಗಾಳಿಯ ತೇವ ಶೇ. 65 ದಾಟಿ ನಿಂತರೆ ಬೂಷ್ಟಿಗೆ ಹಬ್ಬ, ನಿಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಅದಕ್ಕಿಂತ ಕೆಳಗೆ ಇಳಿಯೋದೇ ಅಪರೂಪ.

ಕಪಾಟು ಮಣ್ಣಿನ ಗೋಡೆಗೆ ಅಂಟಿಸಬೇಡಿ, ಎರಡು ಇಂಚು ಬಿಡಿ. ಓದಿದ ಪುಸ್ತಕ ಫ್ಯಾನಡಿ ಒಂದು ತಾಸು ನಿಲ್ಲಿಸಿ ಆಮೇಲೆ ಬೀರುವಿಗೆ. ಥಂಡಿ ಪುಸ್ತಕವನ್ನ ಕಬ್ಬಿಣದ ಬೀರುವಿನಲ್ಲಿ ಮುಚ್ಚಿದರೆ ಬೂಷ್ಟನ್ನ ನಾವೇ ಸಾಕಿದ ಹಾಗೆ. ಬೀರುವಿನ ತಳದಲ್ಲಿ ಬಲ್ಬ್ ಉರಿಸೋ ಹಳೇ ಉಪಾಯ ತಂತಿಯ 15 ವಾಟ್ ಬಲ್ಬಿಗೆ ಮಾತ್ರ. ಒಳಗಿನ ಗಾಳಿ ತುಸು ಬಿಸಿಯಾಗೋದೇ ಅದರ ಗುಟ್ಟು. ಎಲ್‌ಇಡಿ ಹಾಕಿ 'ಪ್ರಯೋಜನ ಇಲ್ಲ' ಅನ್ನೋರು ತುಂಬಾ ಜನ. ಅದರಲ್ಲಿ ಅಷ್ಟು ಬಿಸಿಯೇ ಇಲ್ಲವಲ್ಲ! ತಂತಿ ಬಲ್ಬಾದರೆ ಕಾಗದಕ್ಕೂ ಅದಕ್ಕೂ ಅರ್ಧ ಅಡಿ ಅಂತರ ಇರಲಿ, ಮನೇಲಿ ಯಾರೂ ಇಲ್ಲದಾಗ ಆರಿಸಿ. ಇಲ್ಲದಿದ್ದರೆ ಸಿಲಿಕಾ ಜೆಲ್, ಪ್ರತಿ ಅರೆಗೆ ಕಾಲು ಕೆ.ಜಿ. ಬಟ್ಟೆ ಚೀಲದಲ್ಲಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಇರುತ್ತೆ, ಕಿತ್ತಳೆ ಬಣ್ಣದ್ದು ತಗೊಳ್ಳಿ. ಬಣ್ಣ ತಿರುಗಿದಾಗ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಅಡುಗೆ ಬಾಣಲೆಯಲ್ಲಿ ಮಾತ್ರ ಅಲ್ಲ.

ನುಸಿಗುಳಿಗೆ ಹುಳಕ್ಕೆ, ಬೂಷ್ಟಿಗಲ್ಲ. ಬೂಷ್ಟು ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಹರಡುತ್ತೆ. ಮೊದಲು ಒಣಗಿಸಿ, ಪುಡಿಯಾದ ಮೇಲೆ ಮನೆಯ ಹೊರಗೆ ಮೂಗಿಗೆ ಬಟ್ಟೆ ಕಟ್ಟಿ ಮೆತ್ತಗಿನ ಬ್ರಷ್‌ನಲ್ಲಿ ಉದುರಿಸಿ. ಅಡುಗೆಮನೆ ಅಟ್ಟದಲ್ಲಿ ಥಂಡಿ ಇಲ್ಲ ನಿಜ, ಆದರೆ ಹೊಗೆಗೆ ಕಾಗದ ಕಂದಾಗಿ ಮಸಿ ಹಿಡಿಯುತ್ತೆ. ಅದು ಹಳೇ ಲೆಕ್ಕದ ಪುಸ್ತಕಕ್ಕೆ ಸಾಕು.

ಸೋಗೆಮನೆ:
ಎಲ್ಲರಿಗೂ ಥ್ಯಾಂಕ್ಸ್. ಜಗಲಿ ಬಿಡೋಕೆ ಮನಸ್ಸಿಲ್ಲ. ಪಶ್ಚಿಮಕ್ಕೆ ಮೂರಡಿ ಎತ್ತರದ ಸೋಗೆ ತಟ್ಟಿ ನೆಲದಿಂದ ಕಟ್ಟಿದರೆ ಆಗಲ್ವಾ? ಸೂರಿನ ಅಂಚು ಜಗಲಿ ನೆಲದಿಂದ 6 ಅಡಿ, ಜಗಲಿ 5 ಅಡಿ ಅಗಲ.

ಜಗಲಿಕಟ್ಟೆ:
ನೆಲದಿಂದ ಕಟ್ಟಿದರೆ ಕಾಲಿಗೆ ಬೀಳೋ ಎರಚಲು ನಿಲ್ಲುತ್ತೆ, ಪುಸ್ತಕಕ್ಕೆ ಬೀಳೋದು ನಿಲ್ಲಲ್ಲ. ಸೂರಿಂದ ಇಳಿಬಿಡಿ. ಗಾಳಿಗೆ ಮಳೆ ಅಡ್ಡಡ್ಡ ಬಂದು ಒಂದು ಅಡಿ ಒಳಗೆ ಹೋಗೋದರಲ್ಲಿ ಒಂದು ಅಡಿ ಕೆಳಗಿಳಿಯುತ್ತೆ ಅಂತ ಇಟ್ಕೊಳ್ಳಿ. ಅಂಚಿಂದ 3 ಅಡಿ ಒಳಗೆ ಕುರ್ಚಿ ಹಾಕಿದರೆ ಅಲ್ಲಿ ನೆಲದಿಂದ 3 ಅಡಿ ಎತ್ತರದ ತನಕ ಒದ್ದೆ, ಕೈಯಲ್ಲಿರೋ ಪುಸ್ತಕ ಎರಡೂವರೆ ಅಡಿಯಲ್ಲಿರುತ್ತೆ. 2 ಅಡಿ ತಟ್ಟಿ ಇಳಿಬಿಟ್ಟರೆ ಅದೇ ಜಾಗದಲ್ಲಿ ಒಂದು ಅಡಿ ಎತ್ತರಕ್ಕೆ ಇಳಿಯುತ್ತೆ. ಕೆಳಗಿನ 4 ಅಡಿ ಬೆಳಕಿಗೆ ಉಳೀತು. ಅದೂ ಸಾಲದೆ ಹೋದರೆ ಸೋಗೆ ಬದಲು ಪಾರದರ್ಶಕ ಪ್ಲಾಸ್ಟಿಕ್ ಶೀಟು. ಯಾವುದೇ ಹಾಕಿ, ಕೆಳತುದಿಗೆ ಬಿದಿರಿನ ಗಳ ಕಟ್ಟಿ ಎರಡೂ ಕಂಬಕ್ಕೆ ಬಿಗೀರಿ. ಇಲ್ಲಾಂದ್ರೆ ಗಾಳಿಗೆ ಪಟಪಟ ಬಡಿದು ಮೊದಲ ವಾರದಲ್ಲೇ ಹರೀತು.