ಮಹಡಿಯ ಮೇಲೆ ಬಿದ್ದ ವಿಮಾನ: ಹುಡುಗರು ಎಲ್ಲಿ ಹಾರಿಸಬೇಕು?

ಮನೆ 41, ಮೂರನೇ ಅಡ್ಡರಸ್ತೆ – ಭಾನುವಾರ ಬೆಳಿಗ್ಗೆ 9:10
ಎಲ್ಲರಿಗೂ ನಮಸ್ಕಾರ. ಇಂದು ಬೆಳಿಗ್ಗೆ ನಮ್ಮ ಅತ್ತೆ ಮಹಡಿಯ ಮೇಲೆ ಸಂಡಿಗೆ ಇಡುತ್ತಿದ್ದಾಗ ರಿಮೋಟ್ ವಿಮಾನವೊಂದು ಬಂದು ನೀರಿನ ಟ್ಯಾಂಕಿಗೆ ಬಡಿಯಿತು. ಅವರು ಕುಳಿತಿದ್ದ ಮಣೆಗೂ ಅದು ಬಿದ್ದ ಜಾಗಕ್ಕೂ ಎರಡೇ ಮಾರು. ಅವರಿಗೆ 78 ವರ್ಷ. ಬಿದ್ದ ಮೇಲೂ ಅದರ ಮೂತಿಯ ಫ್ಯಾನು ಗರಗರನೆ ತಿರುಗುತ್ತಲೇ ಇತ್ತು. ಟ್ಯಾಂಕು ಬಿರುಕು ಬಿಟ್ಟಿದೆ, ಅದು ಹೋಗಲಿ. ತಲೆಗೆ ಬಡಿದಿದ್ದರೆ ಯಾರನ್ನು ಕೇಳುವುದು? ಇದು ಇಂದೇ ನಿಲ್ಲಬೇಕು.

ಮನೆ 12 – 9:18
ಠಾಣೆಗೆ ದೂರು ಕೊಡೋಣ ಮೇಡಂ. ವಿಮಾನ ನಿಲ್ದಾಣದಿಂದ 45 ಕಿ.ಮೀ. ಒಳಗೆ ಇವನ್ನು ಹಾರಿಸಬಾರದು ಎಂದು ಓದಿದ ನೆನಪು. ಚಿಕ್ಕಬಳ್ಳಾಪುರದ ನಾವು ದೇವನಹಳ್ಳಿಯ ನಿಲ್ದಾಣಕ್ಕೆ ಅಷ್ಟು ದೂರವೂ ಇಲ್ಲ.

ಮನೆ 19 – 9:24
ಮೊದಲು ಒಂದು ತುರ್ತು ಮಾತು. ಅದರೊಳಗಿನ ಬ್ಯಾಟರಿ ಲಿಥಿಯಂ ಪಾಲಿಮರ್ ಜಾತಿಯದು. ಪೆಟ್ಟು ತಿಂದು ಉಬ್ಬಿದರೆ ಸ್ವಲ್ಪ ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು. ಯಾರೂ ಬರಿಗೈಯಲ್ಲಿ ಮುಟ್ಟಬೇಡಿ, ಮನೆಯೊಳಗೆ ತರಬೇಡಿ. ಹುಡುಗ ಮರಳು ತುಂಬಿದ ಬಕೆಟ್ ಹಿಡಿದು ಈಗಲೇ ಹೋಗಲಿ.

ಮನೆ 33 – 9:31
ವಿಮಾನ ನನ್ನದು. ಬ್ಯಾಟರಿ ಬಿಡಿಸಿ ಮರಳಿನಲ್ಲಿಟ್ಟು ಈಗ ತಾನೇ ಬಂದೆ. ಆಂಟಿ, ಅಜ್ಜಿಯ ಬಳಿ ಕ್ಷಮೆ ಕೇಳಿದ್ದೇನೆ, ನಿಮ್ಮ ಬಳಿಯೂ ಕೇಳುತ್ತೇನೆ. ಟ್ಯಾಂಕಿನ ಖರ್ಚು ನಾನೇ ಕೊಡುತ್ತೇನೆ. ವಿಮಾನ ಮನೆಗಳ ಸಾಲಿನ ಹಿಂದಕ್ಕೆ ಹೋದಾಗ ರೇಡಿಯೊ ಸಂಪರ್ಕ ತಪ್ಪಿತು. ಸಂಪರ್ಕ ತಪ್ಪಿದ ಕೂಡಲೇ ಮೋಟಾರು ತಾನಾಗಿ ನಿಲ್ಲುವಂತೆ ಮೊದಲೇ ಹೊಂದಿಸಿಡಬೇಕಿತ್ತು. ನಾನು ಹೊಂದಿಸಿರಲಿಲ್ಲ. ತಪ್ಪು ಪೂರ್ತಿ ನನ್ನದೇ. ಹಿಂದೆ ಅಣ್ಣಂದಿರು ಒಣಗಿದ ಕಂದವಾರ ಕೆರೆಯಂಗಳದಲ್ಲಿ ಹಾರಿಸುತ್ತಿದ್ದರು. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಶುದ್ಧೀಕರಿಸಿದ ನೀರು ಬಂದು ಕೆರೆ ತುಂಬಿದ ಮೇಲೆ ನಮಗೆ ಬಯಲೇ ಇಲ್ಲದಂತಾಗಿದೆ.

ಮನೆ 8 – 9:40
ಕೆರೆ ತುಂಬಿದ್ದರಿಂದಲೇ ನನ್ನ ದ್ರಾಕ್ಷಿ ತೋಟದ ಕೊಳವೆಬಾವಿಯಲ್ಲಿ ನೀರಿದೆ, ಅದಕ್ಕೆ ಬೇಸರ ಬೇಡ ಮರಿ. ಹೋದ ತಿಂಗಳು ನಿನ್ನ ಸ್ನೇಹಿತನ ವಿಮಾನ ನಮ್ಮ ಚಪ್ಪರದ ಮೇಲೆ ಬಿದ್ದಿತ್ತು, ಆಗ ನಾನು ಸುಮ್ಮನಿದ್ದೆ. ಈಗ ಒಂದು ದಾರಿ ಹೇಳುತ್ತೇನೆ. ಆವತಿ ದಾಟಿ ದೇವನಹಳ್ಳಿ ಕಡೆಗೆ ನಮ್ಮ ಭಾವನ ಎರಡು ಎಕರೆ ಖಾಲಿ ಬಿದ್ದಿದೆ. ಸುತ್ತ ಒಂದು ಮನೆಯೂ ಇಲ್ಲ. ಹುಡುಗರು ಅಲ್ಲಿಗೆ ಹೋಗಲಿ.

ಕಾರ್ಯದರ್ಶಿ – 9:44
ಒಳ್ಳೆಯ ಸಲಹೆ ಅಣ್ಣ. ಬೇರೆ ಯಾರದೂ ತಕರಾರಿಲ್ಲದಿದ್ದರೆ ಇದನ್ನೇ ತೀರ್ಮಾನ ಎಂದು ಬರೆದುಕೊಳ್ಳಲೇ?

ಮನೆ 19 – 10:15
ದಯವಿಟ್ಟು ಬರೆದುಕೊಳ್ಳಬೇಡಿ. ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ, 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋಗುವವರೆಗೂ ದುಡಿದವನು ನಾನು. ಈ ವಿಷಯದಲ್ಲಿ ಸುಮ್ಮನಿರಲಾರೆ.

ಮನೆ 12ರ ಸರ್ ಹೇಳಿದ 45 ಕಿ.ಮೀ. ಹಳೆಯ ಲೆಕ್ಕ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳು ಅದನ್ನು 12 ಕಿ.ಮೀ.ಗೆ ಇಳಿಸಿವೆ. ಹೆಸರು ಡ್ರೋನ್ ಎಂದಿದ್ದರೂ ರೆಕ್ಕೆಯ ಮಾದರಿ ವಿಮಾನಕ್ಕೂ ಅವು ಅನ್ವಯಿಸುತ್ತವೆ. ದೂರವನ್ನು ನಿಲ್ದಾಣದ ಕಟ್ಟಡದಿಂದಲ್ಲ, ಹೊರಬೇಲಿಯಿಂದ ಅಳೆಯಬೇಕು. ಬೇಲಿಯಿಂದ 5 ಕಿ.ಮೀ. ತನಕ ಕೆಂಪು ವಲಯ, ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಏನನ್ನೂ ಹಾರಿಸುವಂತಿಲ್ಲ. 5ರಿಂದ 8 ಕಿ.ಮೀ. ತನಕ ನೆಲದಿಂದಲೇ ಹಳದಿ, ವಾಯು ಸಂಚಾರ ನಿಯಂತ್ರಕರ ಅನುಮತಿ ಬೇಕು. 8ರಿಂದ 12ರವರೆಗೆ 200 ಅಡಿ ಎತ್ತರದ ತನಕ ಹಸಿರು, ಅಂದರೆ ಅನುಮತಿ ಬೇಡ, ಅದರ ಮೇಲೆ ಹಳದಿ. ಅದರಾಚೆ ಬೇರೆ ನಿರ್ಬಂಧ ಇಲ್ಲದ ಕಡೆ 400 ಅಡಿ, ಅಂದರೆ 120 ಮೀಟರ್ ತನಕ ಹಸಿರು. ನಮ್ಮ ಊರು ಇರುವುದು 12 ಕಿ.ಮೀ. ಆಚೆ. ಆವತಿ ದಾಟಿದ ಆ ಜಮೀನನ್ನು ಈ ವಲಯಗಳನ್ನು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಈಗ ತಾನೇ ನೋಡಿದೆ. ಹಳದಿಯಲ್ಲಿದೆ.

ರನ್‌ವೇಗಳು ಪೂರ್ವ ಪಶ್ಚಿಮವಾಗಿವೆ, ಆವತಿ ಉತ್ತರಕ್ಕಿದೆ, ಹಾಗಾಗಿ ವಿಮಾನ ಕೊನೆಯಲ್ಲಿ ಇಳಿಯುವ ದಾರಿ ಅದಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಹೆಲಿಕಾಪ್ಟರುಗಳಿಗೆ ರನ್‌ವೇಯ ದಿಕ್ಕಿನ ಹಂಗಿಲ್ಲ. ಇಳಿಯುವ ಜೆಟ್ ವಿಮಾನ ಸೆಕೆಂಡಿಗೆ ಸುಮಾರು 70 ಮೀಟರ್ ಸಾಗುತ್ತದೆ. ಮೀಟರ್ ಅಗಲದ ಥರ್ಮೋಕೋಲ್ ರೆಕ್ಕೆ ಪೈಲಟ್‌ನ ಕಣ್ಣಿಗೆ ಬಿದ್ದಾಗ ತಪ್ಪಿಸಲು ಸಮಯವೇ ಉಳಿದಿರುವುದಿಲ್ಲ. ಹಕ್ಕಿ ಬಡಿದರೇ ಎಂಜಿನ್ನಿಗೆ ಏಟು. ಇದರೊಳಗಿನ ಮೋಟಾರು, ಬ್ಯಾಟರಿ ಹಕ್ಕಿಯ ಮೈಯಂತೆ ಮೆತ್ತಗಿಲ್ಲ.

2010ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೊದ ಸಣ್ಣ ವಿಮಾನಾಂಗಣದಲ್ಲಿ ಮಾದರಿ ವಿಮಾನವೊಂದು ಮನುಷ್ಯರಿದ್ದ ಜೋಡಿರೆಕ್ಕೆ ವಿಮಾನಕ್ಕೆ ಬಡಿದು ಅದರ ರೆಕ್ಕೆ ಜಜ್ಜಿಹೋಯಿತು. ಪುಣ್ಯಕ್ಕೆ ವಿಮಾನ ಕ್ಷೇಮವಾಗಿ ಇಳಿಯಿತು. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ ಡ್ರೋನ್ ಕಂಡಿದೆ ಎಂಬ ವರದಿಗಳಿಂದಲೇ ಸುಮಾರು 1,000 ವಿಮಾನಗಳ ಸಂಚಾರ ಕೆಟ್ಟು 1.4 ಲಕ್ಷ ಪ್ರಯಾಣಿಕರು ಪರದಾಡಿದರು. ನಮ್ಮ ಮಹಡಿಯ ಗಂಡಾಂತರವನ್ನು ಹೊತ್ತೊಯ್ದು ಆಕಾಶದಲ್ಲಿರುವವರ ದಾರಿಗೆ ಇಡುವುದು ಪರಿಹಾರವಲ್ಲ. ಕೆಂಪೇಗೌಡರ ಹಿರಿಯರು ಬಂದು ನೆಲೆಸಿದ ಊರು ಆವತಿ. ಅವರ ಹೆಸರು ಹೊತ್ತ ನಿಲ್ದಾಣಕ್ಕೆ ಆ ಊರಿನ ಬದಿಯಿಂದ ಅಪಾಯ ಬರಬಾರದು.

ಮನೆ 8 – 10:22
ಇಷ್ಟೆಲ್ಲ ತಿಳಿದಿರಲಿಲ್ಲ ಯಜಮಾನರೇ. ಮನೆಗಳಿಲ್ಲ ಎಂಬುದನ್ನಷ್ಟೇ ನೋಡಿದೆ, ತಲೆ ಎತ್ತಿ ನೋಡಲಿಲ್ಲ. ಮಾತು ಹಿಂದಕ್ಕೆ ತೆಗೆದುಕೊಂಡೆ.

ಮನೆ 27 – 10:35
ಹಾಗಾದರೆ ಉತ್ತರಕ್ಕೆ ಹೋಗೋಣ. ಪೆರೇಸಂದ್ರದ ಕಡೆ ನನ್ನ ತವರಿನ ಮೂರು ಎಕರೆ ಇದೆ. ಮುಂಗಾರಿಗೆ ಕಡಲೆಕಾಯಿ ಬಿತ್ತುವವರೆಗೆ ಖಾಲಿ. ಅಪ್ಪನನ್ನು ಕೇಳಿದೆ, ಒಪ್ಪಿದ್ದಾರೆ. ಪೂರ್ವದ ಅಂಚಿನಲ್ಲಿ ಮಾತ್ರ ಹೈಟೆನ್ಷನ್ ತಂತಿ ಹಾದುಹೋಗಿದೆ.

ಮನೆ 19 – 10:48
ತುಂಬಾ ಉಪಕಾರವಾಯಿತಮ್ಮ. ನಿಲ್ದಾಣದಿಂದ ದೂರ ಹೋದಷ್ಟೂ ಒಳ್ಳೆಯದು. ತಂತಿಗೆ ಬೆನ್ನು ಹಾಕಿ, ಪಶ್ಚಿಮಕ್ಕೆ ಮುಖ ಮಾಡಿ ಬೆಳಗಿನ ಹೊತ್ತು ಹಾರಿಸಲಿ, ಸೂರ್ಯನೂ ಕಣ್ಣಿಗೆ ಬೀಳುವುದಿಲ್ಲ.

ಮರಿ, ನೀನು ಕೇಳು. ಹಾರಿಸುವವನ ಕಣ್ಣು ತನ್ನ ವಿಮಾನದ ಮೇಲಿರುತ್ತದೆ. ಆದ್ದರಿಂದ ಪಕ್ಕದಲ್ಲಿ ಇನ್ನೊಬ್ಬ ಆಕಾಶವನ್ನಷ್ಟೇ ನೋಡುತ್ತಾ ನಿಲ್ಲಬೇಕು. ಹೆಲಿಕಾಪ್ಟರಿನ ಸದ್ದು ಕೇಳಿದೊಡನೆ, ಅದು ಎಲ್ಲಿದೆ ಎಂದು ಹುಡುಕುತ್ತಾ ನಿಲ್ಲದೆ, ನಿನ್ನದನ್ನು ಇಳಿಸು. ಕಣ್ಣಿಗೆ ಕಾಣುವಷ್ಟು ದೂರವೇ ಎಲ್ಲೆ. ಪ್ರತಿ ಬಾರಿ ಹೊರಡುವ ಮುನ್ನ ನಕ್ಷೆ ನೋಡು. ಗಣ್ಯರು ಬರುವ ದಿನಗಳಲ್ಲಿ ತಾತ್ಕಾಲಿಕ ಕೆಂಪು ವಲಯ ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ನಿನ್ನೆ ಹಸಿರಾಗಿದ್ದದ್ದು ಇಂದು ಹಾಗೆಯೇ ಇರಬೇಕೆಂದಿಲ್ಲ. ಮತ್ತೆ, ಸಂಪರ್ಕ ತಪ್ಪಿದರೆ ಮೋಟಾರು ನಿಲ್ಲುವುದನ್ನು ನನ್ನ ಕಣ್ಣೆದುರು ತೋರಿಸುವವರೆಗೆ ಯಾವ ವಿಮಾನವೂ ಮೇಲೇಳಬಾರದು.

ಮನೆ 33 – 11:20
ಅಂಕಲ್, ನನ್ನ ಬಳಿ ಇರುವ ಇನ್ನೊಂದು ವಿಮಾನದಲ್ಲಿ ಈಗಲೇ ಪರೀಕ್ಷಿಸಿದೆ. ಫ್ಯಾನು ಬಿಚ್ಚಿಟ್ಟು, ಮೋಟಾರು ಓಡುತ್ತಿರುವಾಗ ರಿಮೋಟ್ ಆರಿಸಿದೆ. ಒಂದು ಸೆಕೆಂಡಿನೊಳಗೆ ಮೋಟಾರು ನಿಂತಿತು. ಸಂಜೆ ನಿಮ್ಮ ಮನೆಗೇ ತರುತ್ತೇನೆ. ಉಳಿದ ನಾಲ್ವರಿಗೂ ತಿಳಿಸಿದ್ದೇನೆ. ಇನ್ನು ಬಡಾವಣೆಯೊಳಗೆ ಹಾರಿಸುವುದಿಲ್ಲ.

ಮನೆ 12 – 11:26
ದೂರಿನ ಮಾತು ಸದ್ಯಕ್ಕೆ ಬಿಟ್ಟಿದ್ದೇನೆ. ಆಕಾಶ ನೋಡುವವರ ಸರದಿಗೆ ನನ್ನ ಹೆಸರು ಸೇರಿಸಿ.

ಕಾರ್ಯದರ್ಶಿ – 11:30
ಬರುವ ಭಾನುವಾರ ಬೆಳಿಗ್ಗೆ 6ಕ್ಕೆ ಜಮೀನು ನೋಡಲು ಹೊರಡುವುದು. ಮನೆ 8, 12, 19, 27 ಮತ್ತು ಹುಡುಗರ ಮನೆಯವರಿಂದ ತಲಾ ಒಬ್ಬರು ಬರಬೇಕು. ಅಂದು ನೋಡುವುದಷ್ಟೇ, ಹಾರಿಸುವುದಿಲ್ಲ.

ಮನೆ 8 – 11:33
ನನ್ನ ಪಿಕಪ್ ವ್ಯಾನು ಬರುತ್ತದೆ.

ಮನೆ 41 – 11:52
ಅತ್ತೆ ಈಗ ಊಟ ಮಾಡಿ ಮಲಗಿದ್ದಾರೆ. ಮರಿ, ನಾಳೆ ಟ್ಯಾಂಕು ನೋಡಲು ಪ್ಲಂಬರ್ ಬರುತ್ತಾರೆ, ನೀನೂ ಬಾ. ನಿನ್ನ ವಿಮಾನ ನಮ್ಮ ಮೆಟ್ಟಿಲ ಕೆಳಗಿದೆ. ಭಾನುವಾರ ದೊಡ್ಡವರು ಜಮೀನು ನೋಡಿ ಬಂದು ಸರಿ ಎಂದ ಮೇಲೆ ತೆಗೆದುಕೊಂಡು ಹೋಗು.