ಟೇಬಲ್ ಸಾದಲ್ಲಿ ಉದ್ದಕ್ಕೆ ಸೀಳುವಾಗ ಅಂಚು ಸುಡುವುದೇಕೆ, ಪಟ್ಟಿ ಹಿಂದಕ್ಕೆ ಚಿಮ್ಮುವುದೇಕೆ?

ಪ್ರಶ್ನೆ (ಸೋಮವಾರಪೇಟೆಯಿಂದ): ನಮಸ್ಕಾರ ಆಚಾರ್ಯರೇ. ತೋಟದಲ್ಲಿ ಕಡಿದ ಸಿಲ್ವರ್ ಓಕ್ ಮರವನ್ನು ಮಿಲ್ಲಿನಲ್ಲಿ ಒಂದಿಂಚಿನ ಹಲಗೆಗಳಾಗಿ ಕೊಯ್ಯಿಸಿ ತಂದು, ಮನೆಯ ಶೆಡ್ಡಿನಲ್ಲಿ ಹತ್ತಿಂಚು ಬ್ಲೇಡಿನ ಟೇಬಲ್ ಸಾದಲ್ಲಿ (ಮೇಜಿನ ನಡುವಿನಿಂದ ಬ್ಲೇಡು ಮೇಲೆದ್ದಿರುವ ಗರಗಸ) ಎರಡಿಂಚು ಅಗಲದ ಪಟ್ಟಿಗಳಾಗಿ ಸೀಳುತ್ತಿದ್ದೇನೆ. ಅರ್ಧ ಹಲಗೆ ದಾಟುವಷ್ಟರಲ್ಲಿ ಅಂಚು ಕಪ್ಪಾಗಿ ಹೊಗೆ ಬರುತ್ತದೆ. ಮೊನ್ನೆ ಒಂದು ಪಟ್ಟಿ ನನ್ನ ಪಕ್ಕದಿಂದ ಹಾರಿ ಹಿಂದಿನ ಗೋಡೆಗೆ ಬಡಿಯಿತು. ಬ್ಲೇಡು ಪ್ಲೈವುಡ್ಡಿಗೆಂದು ತಂದ 60 ಹಲ್ಲಿನದು. ಒಳ್ಳೆಯ ಬ್ಲೇಡು ಹಾಕಿದರೆ ಸರಿಹೋಗುವುದೇ?

ಉತ್ತರ: ನಮಸ್ಕಾರ. ಬ್ಲೇಡು ಬದಲಿಸಬೇಕು, ಆದರೆ ಅದು ಕೊನೆಯ ಕೆಲಸ. ಅಂಚು ಸುಡುವುದಕ್ಕೂ ಪಟ್ಟಿ ಚಿಮ್ಮುವುದಕ್ಕೂ ಮುಖ್ಯ ಕಾರಣ ಒಂದೇ: ಮರವು ಬ್ಲೇಡಿನ ಹಿಂಭಾಗದ ಹಲ್ಲುಗಳಿಗೆ ಒತ್ತಿಕೊಳ್ಳುತ್ತಿದೆ. ಮುಂಭಾಗದ ಹಲ್ಲುಗಳು ಮರವನ್ನು ಮೇಜಿಗೆ ಅದುಮುತ್ತವೆ. ಹಿಂಭಾಗದವು ಮೇಜಿನೊಳಗಿಂದ ಮೇಲೆದ್ದು ನಿಮ್ಮ ಕಡೆಗೇ ತಿರುಗಿ ಬರುತ್ತವೆ. ಹತ್ತಿಂಚಿನ ಬ್ಲೇಡು ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಆ ಹಲ್ಲುಗಳು ಪಟ್ಟಿಯನ್ನು ಎತ್ತಿ ಎಸೆದರೆ ಕೈಯಿಂದ ತಡೆಯುವ ಮಾತೇ ಇಲ್ಲ.

ಮೊದಲು ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಬ್ಲೇಡನ್ನು ಪೂರ್ತಿ ಮೇಲೆತ್ತಿ, ಒಂದು ಹಲ್ಲಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಮೈಟರ್ ಗೇಜ್ (ಅಡ್ಡ ಕೊಯ್ಯುವಾಗ ಮರವನ್ನು ಬೇಕಾದ ಕೋನದಲ್ಲಿ ಹಿಡಿದು ತಳ್ಳುವ ಸಾಧನ) ಓಡುವ ಮೇಜಿನ ತೋಡಿನ ಅಂಚಿನಿಂದ ಆ ಹಲ್ಲಿಗೆ ಇರುವ ಅಂತರವನ್ನು ಮುಂಭಾಗದಲ್ಲಿ ಅಳೆಯಿರಿ. ಬ್ಲೇಡನ್ನು ಕೈಯಲ್ಲಿ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ತಂದು ಮತ್ತೆ ಅಳೆಯಿರಿ. ಬೇರೆ ಹಲ್ಲಿನಿಂದ ಅಳೆದರೆ ಬ್ಲೇಡಿನ ಸ್ವಂತ ಓಲಾಟವೂ ಲೆಕ್ಕದಲ್ಲಿ ಸೇರಿಬಿಡುತ್ತದೆ. ಎರಡು ಅಳತೆಗಳ ವ್ಯತ್ಯಾಸ 0.1 ಮಿಲಿಮೀಟರಿನೊಳಗೆ ಬರುವ ತನಕ, ಯಂತ್ರದ ಪುಸ್ತಿಕೆಯಲ್ಲಿ ತೋರಿಸಿದ ಬೋಲ್ಟುಗಳನ್ನು ಸಡಿಲಿಸಿ ಹೊಂದಿಸಬೇಕು. ತಾಳ್ಮೆ ಬೇಡುವ ಕೆಲಸವಿದು, ಆದರೆ ಒಮ್ಮೆ ಕೂತರೆ ಬಹುಕಾಲ ಕದಲುವುದಿಲ್ಲ. ಬಳಿಕ ಫೆನ್ಸನ್ನೂ, ಅಂದರೆ ಹಲಗೆಯ ಅಂಚು ಒರಗಿ ಸಾಗುವ ಆಸರೆಯನ್ನೂ, ಅದೇ ತೋಡಿಗೆ ಸಮಾನಾಂತರವಾಗಿ ನಿಲ್ಲಿಸಿ. ಹಿಂತುದಿ ಕೂದಲೆಳೆಯಷ್ಟು ಬ್ಲೇಡಿನಿಂದ ದೂರವಾದರೆ ತೊಂದರೆಯಿಲ್ಲ. ಹತ್ತಿರವಾಗಲು ಮಾತ್ರ ಎಂದಿಗೂ ಬಿಡಬಾರದು.

ಇನ್ನು ರೈವಿಂಗ್ ನೈಫ್, ಅಂದರೆ ಬ್ಲೇಡಿನ ಬೆನ್ನಿಗೆ ನಿಂತು ಸೀಳು ಮುಚ್ಚಿಕೊಳ್ಳದಂತೆ ತಡೆಯುವ ಉಕ್ಕಿನ ತಗಡು. ನಿಮ್ಮ ಯಂತ್ರದಲ್ಲಿ ಅದನ್ನು ಬಿಚ್ಚಿಟ್ಟಿರುವಿರೇನೋ ಎಂಬುದು ನನ್ನ ಅನುಮಾನ. ಹಲ್ಲಿನ ತುದಿಯಿಂದ 3ರಿಂದ 8 ಮಿಲಿಮೀಟರ್ ಹಿಂದೆ ಅದು ನಿಲ್ಲಬೇಕು. ಅದರ ದಪ್ಪ ಬ್ಲೇಡಿನ ತಟ್ಟೆಗಿಂತ ಹೆಚ್ಚಿದ್ದು, ಹಲ್ಲು ಕೊರೆಯುವ ಸೀಳಿಗಿಂತ ಕಡಿಮೆಯಿರಬೇಕು. ಸೀಳು 3.2, ತಟ್ಟೆ 2.2 ಇದ್ದರೆ 2.5 ಮಿಲಿಮೀಟರಿನ ತಗಡು ಸರಿಯಾಗುತ್ತದೆ. ಇದಿಲ್ಲದೆ ಉದ್ದಕ್ಕೆ ಸೀಳಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಮಳೆಗಾಲದಲ್ಲಿ ನಮ್ಮ ಕಡೆ ಈ ಮಾತು ಇನ್ನೂ ಮುಖ್ಯ. ಸರಿಯಾಗಿ ಒಣಗದ ಹಲಗೆಯ ಒಳಗೆ ಬಿಗಿತ ಉಳಿದಿರುತ್ತದೆ. ಸೀಳುತ್ತಿದ್ದಂತೆ ಎರಡು ಹೋಳುಗಳು ಬಾಗಿ ಬ್ಲೇಡನ್ನೇ ಹಿಡಿಯುತ್ತವೆ. ನೆರಳಿನಲ್ಲಿ, ನಡುವೆ ರೀಪರ್ ಕೊಟ್ಟು ಪೇರಿಸಿ, ಗಾಳಿಯಾಡಲು ಬಿಟ್ಟು ಒಣಗಿಸಿ. ತೋಟದ ಮರವಾದ್ದರಿಂದ ಬೇಲಿಯ ಮೊಳೆ, ತಂತಿಯ ತುಂಡು ಒಳಗೆ ಹುದುಗಿದೆಯೇ ಎಂದೂ ನೋಡಿ. ನೀಲಿಗಪ್ಪು ಕಲೆ ಕಂಡಲ್ಲಿ ಕಬ್ಬಿಣವಿರುವ ಸಂಭವ ಹೆಚ್ಚು. ಫೆನ್ಸಿಗೆ ತಾಗುವ ಅಂಚನ್ನು ರಂದಾ ಹೊಡೆದು ನೇರ ಮಾಡಿಕೊಳ್ಳದೆ ಸೀಳಲು ತೊಡಗಬೇಡಿ. ಡೊಂಕು ಅಂಚು ಫೆನ್ಸಿನ ಮೇಲೆ ತೊನೆಯುತ್ತದೆ.

ಬ್ಲೇಡಿನ ವಿಷಯ: ಉದ್ದಕ್ಕೆ ಸೀಳಲು 24 ಹಲ್ಲಿನದು ಬೇಕು. 60 ಹಲ್ಲಿನದರಲ್ಲಿ ಹಲ್ಲುಗಳ ನಡುವಿನ ಬಾಯಿ ಚಿಕ್ಕದು; ನಾರುನಾರಾದ ಹೊಟ್ಟು ಹೊರಬೀಳದೆ ಅಲ್ಲೇ ಉಜ್ಜಿ ಬಿಸಿಯಾಗುತ್ತದೆ. ಆ ಬಾಯಿಯ ತಳ ಹಲಗೆಯ ಮೇಲ್ಮೈಗಿಂತ ತುಸು ಮೇಲಿರುವಷ್ಟು ಬ್ಲೇಡನ್ನು ಎತ್ತಿದರೆ ಸಾಕು.

ಮರು ಪ್ರಶ್ನೆ: ನಿಮ್ಮ ಅನುಮಾನ ಒಂದು ರೀತಿಯಲ್ಲಿ ಸರಿ. ಯಂತ್ರವನ್ನು ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಆ ತಗಡು ಬಂದೇ ಇರಲಿಲ್ಲ. ನಾನೇ ಏನಾದರೂ ಮಾಡಿಕೊಳ್ಳಬಹುದೇ? ಸಹಾಯಕ ಹುಡುಗ ಗ್ಲೌಸ್ ಹಾಕಿಕೊಳ್ಳುವುದು ಒಳ್ಳೆಯದೇ?

ಉತ್ತರ: ಅದೇ ಮಾದರಿಯ ತಗಡು ಸಿಗುವುದಾದರೆ ಅದನ್ನೇ ತರಿಸಿ, ಬ್ಲೇಡಿನೊಂದಿಗೆ ಏರಿಳಿಯುವುದು ಅದೊಂದೇ. ಸಿಗುವ ತನಕ, ಮೇಜಿನಲ್ಲಿ ಬ್ಲೇಡಿನ ಸುತ್ತ ಕೂರುವ ಮುಚ್ಚಳವನ್ನು ಪ್ಲೈವುಡ್ಡಿನಲ್ಲಿ ಬಿಗಿಯಾಗಿ ಮಾಡಿ, ಬ್ಲೇಡಿನ ಹಿಂದೆ ಅದೇ ಸಾಲಿನಲ್ಲಿ, ಸೀಳಿಗಿಂತ ಕೂದಲೆಳೆಯಷ್ಟು ತೆಳುವಾದ ಗಟ್ಟಿ ಮರದ ರೆಕ್ಕೆಯೊಂದನ್ನು ಅಂಟಿಸಿ ನಿಲ್ಲಿಸಬಹುದು. ಬ್ಲೇಡಿನ ಎತ್ತರ ಬದಲಿಸಿದರೆ ಅಂತರವೂ ಬದಲಾಗುವುದರಿಂದ, ನೀವು ಸೀಳುವ ಎತ್ತರಕ್ಕೆ ಹೊಂದಿಸಿಯೇ ಅದನ್ನು ಕೂರಿಸಬೇಕು.

ಗ್ಲೌಸ್ ಬೇಡವೇ ಬೇಡ. ಬಟ್ಟೆಯ ಎಳೆ ಹಲ್ಲಿಗೆ ಸಿಕ್ಕರೆ ಕೈಯನ್ನೇ ಒಳಗೆಳೆಯುತ್ತದೆ. ಬದಲಿಗೆ ತಳ್ಳುಕೋಲು ಬಳಸಿ, ಕಣ್ಣಿಗೆ ಕನ್ನಡಕ ಹಾಕಿ. ಫೆನ್ಸ್ ಬಲಕ್ಕಿದ್ದರೆ ನೀವು ಬ್ಲೇಡಿನ ಸಾಲಿನಿಂದ ಎಡಕ್ಕೆ ಸರಿದು ನಿಲ್ಲಿ. ಬ್ಲೇಡಿಗೂ ಫೆನ್ಸಿಗೂ ನಡುವಿನ ಪಟ್ಟಿಯನ್ನು ಬ್ಲೇಡು ಪೂರ್ತಿ ದಾಟುವವರೆಗೂ ತಳ್ಳಿ. ಮೇಜಿನ ಆಚೆ ಬದಿಯಲ್ಲಿ ನಿಂತ ಹುಡುಗ ಹಲಗೆಯ ಭಾರ ಹೊರಲಿ, ಎಳೆಯದಿರಲಿ. ನಡುವೆ ಮರ ಬಿಗಿಹಿಡಿದರೆ ಹಿಂದಕ್ಕೆ ಜಗ್ಗಬೇಡಿ: ಹಲಗೆಯನ್ನು ಮೇಜಿಗೆ ಒತ್ತಿಹಿಡಿದು ಯಂತ್ರ ಆರಿಸಿ, ಬ್ಲೇಡು ಪೂರ್ತಿ ನಿಂತ ಮೇಲೆ ಸೀಳಿಗೆ ಮರದ ಬೆಣೆ ಕೊಟ್ಟು ಮುಂದುವರಿಸಿ.