ಹಂಡೆಯಷ್ಟು ದೊಡ್ಡ ಮೊಟ್ಟೆ

ಗುಂಪು: ನಮ್ಮ ಮನೆ ಸೋಮವಾರಪೇಟೆ

ಮಾದಾಪುರ ಚಿಕ್ಕಪ್ಪ: (ಫೋಟೋ) ಕೊಡಗಿನಲ್ಲಿ ಡೈನೋಸಾರ್ ಮೊಟ್ಟೆ ಪತ್ತೆ!! ರಸ್ತೆಗೆ ಬರೆ ಕಡಿಯುವಾಗ ಸಿಕ್ಕಿದೆ. ಎಲ್ಲರಿಗೂ ಕಳಿಸಿ.

ಅತ್ತೆ: ಅಯ್ಯೋ, ನಮ್ಮ ಕಡೆಯದಾ? ಪುಟ್ಟನಿಗೆ ತೋರಿಸಿದೆ. ಊಟ ಬಿಟ್ಟು ಕುಣಿಯುತ್ತಿದ್ದಾನೆ.

ನಾನು: ಚಿಕ್ಕಪ್ಪ, ದಯವಿಟ್ಟು ಬೇರೆ ಗುಂಪಿಗೆ ಕಳಿಸಬೇಡಿ. ಇದು ಮೊಟ್ಟೆ ಅಲ್ಲ, ಕಲ್ಲು.

ಮಾದಾಪುರ ಚಿಕ್ಕಪ್ಪ: ಸಿಪ್ಪೆ ಕಾಣುತ್ತಿದೆಯಲ್ಲಮ್ಮ. ಪದರ ಪದರ ಬಿಟ್ಟುಕೊಂಡಿದೆ, ಸರಿಯಾಗಿ ನೋಡು.

ನಾನು: ಆ ಪದರವೇ ಕಲ್ಲಿನ ಗುರುತು. ಮಳೆನೀರು ಬಂಡೆಯ ಸಂದಿಗೆ ಇಳಿಯುತ್ತದೆ. ಮೂಲೆಗಳು ಮೊದಲು ಸವೆಯುತ್ತವೆ. ಈರುಳ್ಳಿ ಸಿಪ್ಪೆಯ ಹಾಗೆ ಕಳಚಿ ಕಳಚಿ ಒಳಗೆ ಗಟ್ಟಿ ಗುಂಡು ಉಳಿಯುತ್ತದೆ. ಮತ್ತೆ ಪಕ್ಕದಲ್ಲಿ ನಿಂತವರನ್ನು ನೋಡಿ. ಕಲ್ಲು ಹಂಡೆಯಷ್ಟಿದೆ! ಮಧ್ಯಪ್ರದೇಶದಲ್ಲಿ ಸಿಕ್ಕ ನಿಜವಾದ ಮೊಟ್ಟೆಗಳು 15ರಿಂದ 17 ಸೆಂ.ಮೀ. ಅಗಲ. ಸಿಪ್ಪೆ ಸುಲಿಯದ ತೆಂಗಿನಕಾಯಿಗಿಂತ ಚಿಕ್ಕವು.

ಬೆಂಗಳೂರು ಅಣ್ಣ: ಅಲ್ಲಿ ಹಳ್ಳಿಯವರು ಅದನ್ನೇ ಕುಲದೇವರು ಅಂತ ಪೂಜೆ ಮಾಡುತ್ತಿದ್ದರು, ಅಲ್ವಾ? ಆಗ ಯಾರಾದರೂ ನಿನ್ನ ಹಾಗೆ ‘ಬರೀ ಕಲ್ಲು’ ಅಂದಿದ್ದರೆ? ಯಾರೂ ಪರೀಕ್ಷೆ ಮಾಡದೆ ನೀನು ಹೇಗೆ ಇಷ್ಟು ಗಟ್ಟಿಯಾಗಿ ಹೇಳುತ್ತೀಯ?

ನಾನು: ಇದು ಕೇಳಲೇಬೇಕಾದ ಮಾತು ಅಣ್ಣ. ಹೌದು, ಧಾರ್ ಜಿಲ್ಲೆಯಲ್ಲಿ ಹಾಗೆ ಆಯಿತು. ಅದೇ ಜಿಲ್ಲೆಯ 92 ಗೂಡು, 256 ಮೊಟ್ಟೆಗಳ ವಿವರ 2023ರಲ್ಲಿ ಪ್ರಕಟವಾಯಿತು. ಆದರೆ ಅಲ್ಲಿನ ಕಲ್ಲು ನದಿ, ಕೆರೆಗಳ ಕೆಸರು ಕೂತು ಆದದ್ದು. ಕೆಸರು ಮುಚ್ಚಿಕೊಂಡದ್ದಕ್ಕೇ ಮೊಟ್ಟೆ ಉಳಿಯಿತು. ನಮ್ಮ ಬೆಟ್ಟದ ಕಲ್ಲು ನೆಲದಾಳದಲ್ಲಿ ಬೆಂದು ಗಟ್ಟಿಯಾದದ್ದು. ಸುಮಾರು 300 ಕೋಟಿ ವರ್ಷ ಹಳೆಯದು. ಡೈನೋಸಾರ್ ಬಂದದ್ದೇ ಸುಮಾರು 23 ಕೋಟಿ ವರ್ಷದ ಹಿಂದೆ. ಅದು ಹುಟ್ಟುವ ಮೊದಲೇ ಆದ ಬಂಡೆಯೊಳಗೆ ಅದರ ಮೊಟ್ಟೆ ಎಲ್ಲಿಂದ ಬರಬೇಕು?

ಮಾದಾಪುರ ಚಿಕ್ಕಪ್ಪ: ಹಾಗಾದರೆ ಕೊಡಗಲ್ಲಿ ಡೈನೋಸಾರ್ ಓಡಾಡಲೇ ಇಲ್ಲ ಅಂತೀಯಾ?

ನಾನು: ಹಾಗೆ ಹೇಳುವುದಿಲ್ಲ. ಓಡಾಡಿದ್ದರೂ ಕುರುಹು ಉಳಿಯುವ ಕಲ್ಲು ಇದಲ್ಲ.

ಅತ್ತೆ: ಪುಟ್ಟ ಅಳುತ್ತಿದ್ದಾನೆ. ಖುಷಿಯಾಗಿತ್ತು ಮಗು. ಸುಮ್ನೆ ಇರಬಾರದಿತ್ತಾ ನೀನು? ಯಾರಿಗೆ ಏನು ನಷ್ಟ ಆಗುತ್ತಿತ್ತು?

ಬೆಂಗಳೂರು ಅಣ್ಣ: ಅತ್ತೆ ಹೇಳಿದ್ದು ಸರಿ. ಎಲ್ಲದಕ್ಕೂ ಪಾಠ ಬೇಡ.

ನಾನು: ಅತ್ತೆ, ಅವನ ವಯಸ್ಸಲ್ಲಿ ನನಗೂ ಇದೇ ಹುಚ್ಚು, ಈಗಲೂ ಹೋಗಿಲ್ಲ. ಈ ಮೊಟ್ಟೆ ನಿಜವಾಗಿದ್ದರೆ ನಾನೂ ಅವನ ಜೊತೆ ಕುಣಿಯುತ್ತಿದ್ದೆ. ನಾಳೆ ಸ್ಕೂಲಲ್ಲಿ ಹೇಳಿ ಅವನು ಸುಳ್ಳುಗಾರ ಅನಿಸಿಕೊಳ್ಳಬಾರದು, ಅದಕ್ಕೇ ಹೇಳಿದೆ. ಫೋನ್ ಅವನ ಕೈಗೆ ಕೊಡಿ.

ನಾನು: ಪುಟ್ಟಾ, ನಮ್ಮ ಮಣ್ಣಿನ ಅಡಿ ಒಂದು ಪ್ರಾಣಿ ಇದೆ. ನೋಡಲು ದಪ್ಪ ಎರೆಹುಳು. ಆದರೆ ಅದಕ್ಕೆ ಬೆನ್ನುಮೂಳೆ ಇದೆ, ಹಲ್ಲಿದೆ. ಕಪ್ಪೆಯ ನೆಂಟ, ಕಾಲು ಮಾತ್ರ ಇಲ್ಲ. ಇದರ ಬಳಗಕ್ಕೆ ಸಿಸಿಲಿಯನ್ ಅಂತಾರೆ. ಡೈನೋಸಾರ್ ಓಡಾಡುತ್ತಿದ್ದ ಜುರಾಸಿಕ್ ಕಾಲದಲ್ಲೇ ಈ ಬಳಗ ಇತ್ತು. ಅಮೆರಿಕದ ಅರಿಜೋನಾದಲ್ಲಿ ಸಿಕ್ಕ ಅಂಥ ಒಂದಕ್ಕೆ ಪುಟಾಣಿ ಕಾಲುಗಳೂ ಇದ್ದವು! 2007ರಲ್ಲಿ ಹೊಸದೊಂದು ಜಾತಿಗೆ ನಮ್ಮ ಊರಿನ ಹೆಸರನ್ನೇ ಇಟ್ಟರು: ಇಕ್ತಿಯೋಫಿಸ್ ಕೊಡಗುಎನ್ಸಿಸ್. ಮೈಯ ಎರಡೂ ಬದಿಗೆ ಹಳದಿ ಪಟ್ಟೆ. ಇಕ್ತಿಯೋಫಿಸ್ ತಾಯಿ ಮೊಟ್ಟೆಗಳನ್ನು ಸುತ್ತಿಕೊಂಡು ಕಾಯುತ್ತದೆ.

ಅತ್ತೆ: ಅಳು ನಿಲ್ಲಿಸಿದ. ಅದು ಕಚ್ಚುತ್ತಾ ಅಂತ ಕೇಳುತ್ತಿದ್ದಾನೆ.

ನಾನು: ವಿಷದ ಹಾವಲ್ಲ ಅತ್ತೆ. ಎರೆಹುಳು, ಗೆದ್ದಲು ತಿಂದುಕೊಂಡು ಮಣ್ಣೊಳಗೇ ಇರುತ್ತದೆ.

ಮಾದಾಪುರ ಚಿಕ್ಕಪ್ಪ: ಹಳದಿ ಪಟ್ಟೆ ಅಂದೆಯಾ?

ಮಾದಾಪುರ ಚಿಕ್ಕಪ್ಪ: ಹೋದ ಮಳೆಗಾಲ ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಒಂದು ಬಂದಿತ್ತು. ಹಾವಿನ ಮರಿ ಅಂತ ನಾನೇ ಹೊಡೆದೆ.

ನಾನು: ಗೊತ್ತಿರಲಿಲ್ಲ, ಬಿಡಿ ಚಿಕ್ಕಪ್ಪ. ಅದು ಎಲ್ಲಿ, ನೆನಪಿದೆಯಾ?

ಮಾದಾಪುರ ಚಿಕ್ಕಪ್ಪ: ತೋಡಿನ ಪಕ್ಕ, ಹಳೆ ಹಲಸಿನ ಮರದ ಬುಡ. ಅಲ್ಲಿ ಯಾವಾಗಲೂ ಒದ್ದೆ. ಆ ಫೋಟೋ ಅಳಿಸಿದ್ದೇನೆ. ಮಳೆ ಹಿಡಿದ ಮೇಲೆ ಪುಟ್ಟನನ್ನು ಕರೆದುಕೊಂಡು ಬಾ. ಗುದ್ದಲಿ ಬೇಡ, ಎಲೆ ಸರಿಸಿ ಹುಡುಕೋಣ.